ಕೋಲಾರದ ಟೊಮೆಟೊ ಮಂಡಿಗೆ ರೈತರು ಲಾಗಿನ್ ಆಗುವ ಸೈಟನ್ನು ಪಿಎಚ್‌ಪಿ ಭಾಷೆಯಲ್ಲಿ ಕಟ್ಟುತ್ತಿದ್ದೇನೆ. ಬಳಕೆದಾರರ ಪಾಸ್‌ವರ್ಡನ್ನು ಎನ್‌ಕ್ರಿಪ್ಟ್ ಮಾಡಿ ಇಟ್ಟರೆ ಸಾಕಾ?

ಸಾಲದು. ಎನ್‌ಕ್ರಿಪ್ಟ್ ಬೇಡ, ಹ್ಯಾಶ್ ಮಾಡಿ, ಅಂದರೆ ಮತ್ತೆ ಮೂಲ ರೂಪಕ್ಕೆ ತರಲಾಗದಂತೆ ಬದಲಿಸಿ ಇಡಿ. ಅದಕ್ಕೆ ಪಿಎಚ್‌ಪಿಯಲ್ಲೇ ಇರುವ ಪಾಸ್‌ವರ್ಡ್_ಹ್ಯಾಶ್ ಫಂಕ್ಷನ್ ಸಾಕು. 2013ರ 5.5 ಆವೃತ್ತಿಯಿಂದ ಇದೆ.

ಎನ್‌ಕ್ರಿಪ್ಟ್ ಮಾಡಿದ್ದನ್ನು ಕೀಲಿ ಇದ್ದವರು ಬಿಚ್ಚಬಹುದು. ಆ ಕೀಲಿ ಸಾಮಾನ್ಯವಾಗಿ ಅದೇ ಸರ್ವರ್‌ನಲ್ಲಿರುತ್ತದೆ, ಅಲ್ವಾ? ಡೇಟಾಬೇಸ್ ಕದ್ದವನಿಗೆ ಅದೂ ಸಿಗುವ ಸಾಧ್ಯತೆ ಜಾಸ್ತಿ. ಹ್ಯಾಶ್‌ಗೆ ಕೀಲಿಯೇ ಇಲ್ಲ. ಹಿಟ್ಟಾದ ರಾಗಿ ಮತ್ತೆ ಕಾಳಾಗುವುದಿಲ್ಲ, ಹಾಗೆ. ಲಾಗಿನ್ ಆಗುವಾಗ ರೈತ ಟೈಪ್ ಮಾಡಿದ್ದನ್ನು ಪಾಸ್‌ವರ್ಡ್_ವೆರಿಫೈ ಎಂಬ ಫಂಕ್ಷನ್ ಅದೇ ರೀತಿ ಹ್ಯಾಶ್ ಮಾಡಿ, ಇಟ್ಟಿರುವ ಹ್ಯಾಶ್ ಜೊತೆ ಹೋಲಿಸುತ್ತದೆ.

ಎಂಡಿ5 ಎಂಬ ಹಳೆಯ ಹ್ಯಾಶ್ ವಿಧಾನ ಮಾತ್ರ ಖಂಡಿತ ಬೇಡ. ಅದು ತುಂಬಾ ವೇಗ. ಕಳ್ಳನ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಕೋಟಿಗಟ್ಟಲೆ ಊಹೆಗಳನ್ನು ಪರೀಕ್ಷಿಸಿಬಿಡುತ್ತದೆ. ಪಾಸ್‌ವರ್ಡ್_ಹ್ಯಾಶ್ ಬಳಸುವ ಬಿಕ್ರಿಪ್ಟ್ ಎಂಬ ವಿಧಾನ ಬೇಕೆಂದೇ ನಿಧಾನ. ಜೊತೆಗೆ ಪಾಸ್‌ವರ್ಡ್_ಹ್ಯಾಶ್ ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ ಸಾಲ್ಟ್, ಅಂದರೆ ಯಾರೂ ಊಹಿಸಲಾಗದ ಅಕ್ಷರಗಳನ್ನು, ತಾನೇ ಸೇರಿಸುತ್ತದೆ. ಇಬ್ಬರ ಪಾಸ್‌ವರ್ಡ್ ಒಂದೇ ಇದ್ದರೂ ಹ್ಯಾಶ್ ಬೇರೆ ಬರುತ್ತದೆ.

ಕನ್ನಡದಲ್ಲಿ ಪಾಸ್‌ವರ್ಡ್ ಇಡಲು ಬಿಡುತ್ತೀರಾದರೆ (ಬಿಡಿ, ಒಳ್ಳೆಯದೇ) ಒಂದು ವಿಷಯ ಗಮನಿಸಿ. ಬಿಕ್ರಿಪ್ಟ್ ಮೊದಲ 72 ಬೈಟ್ ಮಾತ್ರ ನೋಡುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಅಕ್ಷರಕ್ಕೆ 3 ಬೈಟ್, ಅದರ ಗುಣಿತದ ಚಿಹ್ನೆಗೆ ಮತ್ತೆ 3. ಹಾಗಾಗಿ 24 ಚಿಹ್ನೆಗಳ ಆಚೆ ಬರೆದದ್ದು ಲೆಕ್ಕಕ್ಕೇ ಬರುವುದಿಲ್ಲ. ಅಷ್ಟು ಉದ್ದವಾದರೆ ನೋಂದಣಿ ಮಾಡುವಾಗಲೇ ರೈತರಿಗೆ ತಿಳಿಸಿ. ಹ್ಯಾಶ್ ಇಡುವ ಕಾಲಂ 255 ಅಕ್ಷರ ಹಿಡಿಯುವಂತಿರಲಿ.