ಬೊಲೋನ್ಯಾದಲ್ಲಿ ನಾನು ಬೇಡವೆಂದ 24 ಅಂಕ

ಯುರೋಪಿನ ಅತಿ ಹಳೆಯದೆನ್ನುವ, ಇಟಲಿಯ ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪ್ರವೇಶ ಸಿಕ್ಕಿದೆ, ಅಲ್ಲಿಯ ವಿದ್ಯಾರ್ಥಿ ಜೀವನ, ಸಂಪ್ರದಾಯಗಳು ಹೇಗೆ, ನಮ್ಮಲ್ಲಿ ಇಲ್ಲದ ಅಂಥ ಪರಂಪರೆಯ ಸಲುವಾಗಿಯಾದರೂ ಹೋಗಬಹುದೇ ಎಂದು ಕೇಳಿದ್ದೀರಿ. 2021ರ ಬೇಸಿಗೆಯಲ್ಲಿ ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಕುಳಿತು ಇದೇ ಪ್ರಶ್ನೆಯನ್ನು ನಾನೂ ಸಿಕ್ಕಸಿಕ್ಕವರಿಗೆಲ್ಲ ಕೇಳಿದ್ದೆ. ಆಗ ನಾನು ಆ ಹೆಸರನ್ನು ಕಾಗದದಲ್ಲಿದ್ದಂತೆ ಬೊಲೊಗ್ನಾ ಎಂದೇ ಓದುತ್ತಿದ್ದೆ. ಸೆಪ್ಟೆಂಬರಿನಲ್ಲಿ ಹೊರಟುಬಿಟ್ಟೆ.

ಮೊದಲ ತಿಂಗಳನ್ನು ಯಾತ್ರೆಗೆ ಬಂದವನಂತೆ ಕಳೆದೆ. ಆ ಊರಿನ ಬೀದಿಗಳ ಬದಿಗೆ ಕಮಾನು ಕಟ್ಟಿದ ಪಡಸಾಲೆಗಳಿವೆ. ಅವನ್ನು ಪೋರ್ಟಿಕೋ ಎನ್ನುತ್ತಾರೆ; ಎಲ್ಲ ಕೂಡಿದರೆ ಸುಮಾರು 62 ಕಿಲೋಮೀಟರ್ ಆಗುತ್ತವೆ. ಮಧ್ಯಯುಗದಲ್ಲಿ ವಿದ್ಯಾರ್ಥಿಗಳೂ ವಲಸಿಗರೂ ಹೆಚ್ಚಾಗಿ ಊರು ಕಿರಿದಾದಾಗ ಮನೆಯವರು ಮೇಲಂತಸ್ತನ್ನು ಬೀದಿಯ ಮೇಲೆ ಚಾಚಿ, ಕೆಳಗೆ ಕಂಬ ಕೊಟ್ಟು, ಹೆಚ್ಚಿನ ಕೋಣೆಗಳನ್ನು ಮಾಡಿಕೊಂಡರು. 1288ರ ಹೊತ್ತಿಗೆ ಹೊಸ ಮನೆಗೆ ಪೋರ್ಟಿಕೋ ಇರಲೇಬೇಕೆಂಬ ಕಟ್ಟಳೆಯೂ ಬಂತು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬೆಳೆದ ನನಗೆ ಛತ್ರಿಯಿಲ್ಲದೆ ತರಗತಿ ಮುಟ್ಟುವುದೇ ಒಂದು ಬೆರಗಾಗಿತ್ತು. ಆರ್ಕಿಜಿನ್ನಾಸಿಯೋ ಎಂಬ ಹದಿನಾರನೆಯ ಶತಮಾನದ ಕಟ್ಟಡದ ಗೋಡೆ, ಚಾವಣಿ, ಮೆಟ್ಟಿಲುಗಳ ಮೇಲೆ ಹಿಂದಿನ ವಿದ್ಯಾರ್ಥಿಗಳ ವಂಶಲಾಂಛನಗಳು ಆರು ಸಾವಿರದಷ್ಟಿವೆ. ಮೇಲಿನ ಮಹಡಿಯಲ್ಲಿ ಮರದಿಂದಲೇ ಕಟ್ಟಿದ ಅಂಗರಚನಾ ಶಾಲೆಯಿದ್ದು, ನಡುವೆ ಶವ ಇಡುತ್ತಿದ್ದ ಬಿಳಿಯ ಅಮೃತಶಿಲೆಯ ಮೇಜಿದೆ. ಗುರುವಿನ ಪೀಠದ ಮೇಲ್ಕಟ್ಟನ್ನು ಚರ್ಮ ಸುಲಿದ ಇಬ್ಬರು ಮನುಷ್ಯರ ಮರದ ಪ್ರತಿಮೆಗಳು ಹೊತ್ತು ನಿಂತಿವೆ. 1944ರ ಜನವರಿಯ ಬಾಂಬ್ ದಾಳಿಯಲ್ಲಿ ಇದೆಲ್ಲ ಕುಸಿದಿತ್ತು. ಅವಶೇಷಗಳಿಂದ ಆಯ್ದ ಮೂಲ ತುಂಡುಗಳನ್ನು ಕೂಡಿಸಿ ಮತ್ತೆ ಕಟ್ಟಿದರು. ಆದರೆ ವಿಶ್ವವಿದ್ಯಾಲಯ ಆ ಕಟ್ಟಡವನ್ನು ಬಿಟ್ಟು ಜಂಬೋನಿ ಬೀದಿಗೆ ಹೋದದ್ದು 1803ರಲ್ಲಿ. ನೀವು ಯಾವ ಪರಂಪರೆಯ ಚಿತ್ರ ನೋಡಿ ಮರುಳಾಗಿದ್ದೀರೋ ಅಲ್ಲಿ ಈಗ ಟಿಕೆಟ್ಟು ಕೊಳ್ಳಬೇಕು, ಪಾಠ ನಡೆಯುವುದಿಲ್ಲ.

ನನ್ನ ತಪ್ಪನ್ನು ತುಸು ಬಿಡಿಸಿಯೇ ಹೇಳಬೇಕು, ಏಕೆಂದರೆ ಅದು ಹೊರಗಿನಿಂದ ನೋಡುವವರಿಗೆ ತಪ್ಪೆಂದೇ ಕಾಣುವುದಿಲ್ಲ. ಇಟಲಿಯಲ್ಲಿ ಪ್ರತಿ ವಿಷಯಕ್ಕೂ 30 ಅಂಕ, ಪಾಸಾಗಲು 18 ಬೇಕು. ಬಹಳಷ್ಟು ಪರೀಕ್ಷೆಗಳು ಮೌಖಿಕ, ಅದೂ ಬಾಗಿಲು ಮುಚ್ಚಿ ಮಾಡುವ ಮೌಖಿಕವಲ್ಲ. ನೀವು ಉತ್ತರಿಸುವಾಗ ನಿಮ್ಮ ಹಿಂದಿನ ಬೆಂಚಿನಲ್ಲಿ ಸರದಿ ಕಾಯುವವರು ಕುಳಿತು ಕೇಳುತ್ತಿರುತ್ತಾರೆ. ಮುಗಿದ ಕೂಡಲೇ ಪ್ರಾಧ್ಯಾಪಕರು ಅಂಕವನ್ನು ಮುಖದೆದುರೇ ಹೇಳಿ, ಒಪ್ಪುತ್ತೀರಾ ಎಂದು ಕೇಳುತ್ತಾರೆ. ಒಪ್ಪಿದರೆ ದಾಖಲಾಯಿತು, ಮತ್ತೆ ಏರಿಸಿಕೊಳ್ಳಲು ಬರುವುದಿಲ್ಲ. ಪಾಸಾಗಿದ್ದರೂ ಒಪ್ಪದಿದ್ದರೆ ಆ ಅಂಕ ಅಳಿದುಹೋಗುತ್ತದೆ, ಮುಂದಿನ ಸರದಿಗೆ ಸೊನ್ನೆಯಿಂದ ಬರಬೇಕು.

2022ರ ಜೂನ್‌ನಲ್ಲಿ ಮಧ್ಯಯುಗದ ಸಂಸ್ಥೆಗಳ ಇತಿಹಾಸದಲ್ಲಿ ನನಗೆ 24 ಹೇಳಿದರು. ನಮ್ಮ ಲೆಕ್ಕದಲ್ಲಿ ನೂರಕ್ಕೆ ಎಂಬತ್ತು. ಧಾರವಾಡದಲ್ಲಾಗಿದ್ದರೆ ಪೇಢೆ ಹಂಚುತ್ತಿದ್ದೆ. ಆದರೆ ಜೊತೆಗಿದ್ದ ಇಟಲಿಯ ಹುಡುಗರು 28ಕ್ಕೂ ಮುಖ ಸಿಂಡರಿಸುವುದನ್ನು ಆರು ತಿಂಗಳಿಂದ ನೋಡಿದ್ದೆ, ಬೆನ್ನ ಹಿಂದೆ ಅವರೇ ಕುಳಿತಿದ್ದರು, ಊರಲ್ಲಿ ಎಂದೂ ಮೊದಲ ಸ್ಥಾನ ಬಿಟ್ಟುಕೊಡದವನೆಂಬ ಗರ್ವವೂ ಇತ್ತು. ಬೇಡ ಎಂದೆ. ಪ್ರಾಧ್ಯಾಪಕರು ಪೆನ್ನು ಕೆಳಗಿಟ್ಟು ಒಂದು ಕ್ಷಣ ನನ್ನನ್ನು ನೋಡಿ, ಆಗಲಿ, ಜುಲೈನಲ್ಲಿ ಬನ್ನಿ ಎಂದರು.

ನಾನು ಮರೆತದ್ದು ಅಂಕವನ್ನಲ್ಲ, ವಿಷಯ ಪಾಸಾದರೆ ಲೆಕ್ಕಕ್ಕೆ ಸೇರುವ ಕ್ರೆಡಿಟ್ಟನ್ನು. ನನಗಿದ್ದ ವಿದ್ಯಾರ್ಥಿವೇತನದ ಎರಡನೆಯ ಕಂತು ಬರಬೇಕಾದರೆ ಆಗಸ್ಟ್ 10ರೊಳಗೆ 20 ಕ್ರೆಡಿಟ್ ಆಗಿರಬೇಕಿತ್ತು. ಎರಡು ವಿಷಯ ಸೇರಿ 12 ಆಗಿದ್ದವು, ಈ ವಿಷಯದ್ದು ಇನ್ನೊಂದು 12. 18 ಬಂದರೂ ಅದೇ 12, 30 ಬಂದರೂ ಅದೇ 12. ಅಂದರೆ ಆ ಮೇಜಿನ ಎದುರು ನಾನು ಬೇಡವೆಂದದ್ದು ಆರು ಅಂಕದ ಕೊರತೆಯನ್ನಲ್ಲ, ಮುಂದಿನ ಚಳಿಗಾಲದ ಊಟ ಮತ್ತು ಬಾಡಿಗೆಯನ್ನು. ನಿಯಮ ಬರೆದ ಹಾಳೆ ನನ್ನ ಚೀಲದಲ್ಲೇ ಇತ್ತು, ಓದಿಯೂ ಇದ್ದೆ. ಆದರೆ ನೂರಕ್ಕೆ ಎಷ್ಟು ಎಂದು ಎಣಿಸುವ ಚಟ ಹದಿನೇಳು ವರ್ಷಗಳದ್ದು.

ಜುಲೈಗೆ ಪುಸ್ತಕವನ್ನು ಪುಟಪುಟವೇ ಬಾಯಿಪಾಠ ಮಾಡಿದೆ. ನಮ್ಮ ವಿದ್ಯೆ ಇರುವುದು ಬೆರಳಿನಲ್ಲಿ: ಮೂರು ತಾಸು ಬರೆದು, ಪುರವಣಿ ಕೇಳಿ, ದಾರ ಕಟ್ಟಿ ಎದ್ದು ಬಂದರೆ ಮುಗಿಯಿತು, ನಾವು ಬರೆದದ್ದನ್ನು ಯಾರು ಓದಿದರೆಂಬುದೂ ತಿಳಿಯುವುದಿಲ್ಲ. ಆ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: ಈ ಪುಸ್ತಕದಲ್ಲಿ ನೀವು ಒಪ್ಪದ ಮಾತು ಯಾವುದು? ಒಪ್ಪದಿರುವುದಕ್ಕೂ ಅವಕಾಶವುಂಟೆಂದು ನನಗೆ ಹೊಳೆದಿರಲೇ ಇಲ್ಲ. ನಾಲ್ಕನೆಯ ಅಧ್ಯಾಯವನ್ನು ಒಪ್ಪಿಸತೊಡಗಿದೆ. ಮಧ್ಯದಲ್ಲೇ ತಡೆದು, ಮುಂದಿನ ಸಲ ನೋಡೋಣ ಎಂದರು. ಸೆಪ್ಟೆಂಬರಿನಲ್ಲಿ 21 ಬಂತು, ಬೇಡವೆಂದದ್ದಕ್ಕಿಂತ ಮೂರು ಕಡಿಮೆ. ಬಾಯಿ ಮುಚ್ಚಿಕೊಂಡು ಒಪ್ಪಿದೆ. ಕಂತು ಹೋಗಿತ್ತು. ಅಪ್ಪ ಹುಬ್ಬಳ್ಳಿಯ ಮನೆಯ ಮಾಳಿಗೆ ರಿಪೇರಿಗೆಂದು ಇಟ್ಟಿದ್ದ ಠೇವಣಿ ಮುರಿದರು, ಉಳಿದದ್ದಕ್ಕೆ ನಾನು ಸಂಜೆಗಳಲ್ಲಿ ಹೋಟೆಲೊಂದರ ಪಾತ್ರೆ ತೊಳೆದೆ. ಹನ್ನೆರಡನೆಯ ಶತಮಾನದಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಹೊರಡಿಸಿದ ಶಾಸನವೊಂದು, ತನ್ನ ನಾಡಿನವರು ಮಾಡಿದ ಸಾಲಕ್ಕಾಗಿ ಪರಸ್ಥಳದ ವಿದ್ಯಾರ್ಥಿಯನ್ನು ಹಿಡಿಯಬಾರದೆಂದು ರಕ್ಷಣೆ ಕೊಟ್ಟಿತ್ತು. ಜೂನ್‌ನಲ್ಲಿ ನಾನು ಚೆನ್ನಾಗಿ ಉತ್ತರಿಸಿದ್ದು ಅದೊಂದನ್ನೇ. ಸಾಲ ಸ್ವಂತದ್ದಾದರೆ ಆ ಶಾಸನ ಉಪಯೋಗಕ್ಕೆ ಬಾರದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ, ಅದರ ಬುಡವನ್ನೇ ನಾನು ಒಪ್ಪುವುದಿಲ್ಲ. ವಿಶ್ವವಿದ್ಯಾಲಯ ಹುಟ್ಟಿದ್ದೆನ್ನುವ 1088 ಎಂಬ ವರ್ಷವನ್ನು ಹಿಡಿದು ಕುಣಿಯಬೇಡಿ. ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಕವಿ ಕಾರ್ದುಚ್ಚಿ ಮುಂದಾಳಾಗಿದ್ದ ಸಮಿತಿ ನಿಗದಿ ಮಾಡಿದ ವರ್ಷ, 1888ರ ಎಂಟುನೂರನೆಯ ಉತ್ಸವಕ್ಕೆ ಹೊಂದುವ ಹಾಗೆ. ಒಂದು ಮುಹೂರ್ತದಲ್ಲಿ ಯಾರೂ ಅದನ್ನು ಉದ್ಘಾಟಿಸಲಿಲ್ಲ. ಕಾನೂನು ಕಲಿಯಲು ಬಂದ ಪರಊರಿನ ಹುಡುಗರು ತಮ್ಮ ತಮ್ಮ ನಾಡಿನ ಕೂಟಗಳನ್ನು ಕಟ್ಟಿಕೊಂಡು, ತಮ್ಮೊಳಗಿನವನನ್ನೇ ರೆಕ್ಟರ್, ಅಂದರೆ ಮುಖ್ಯಸ್ಥ, ಮಾಡಿಕೊಂಡು, ಗುರುಗಳಿಗೆ ತಾವೇ ಸಂಬಳ ಗೊತ್ತುಮಾಡಿ, ಪಾಠವನ್ನು ತಡವಾಗಿ ಶುರುಮಾಡಿದ ಗುರುವಿಗೆ ದಂಡವನ್ನೂ ಹಾಕುತ್ತಿದ್ದರು. ಖಗೋಳಜ್ಞ ಕೋಪರ್ನಿಕಸ್ 1496ರಲ್ಲಿ ಬಂದಾಗ ಜರ್ಮನ್ ಕೂಟಕ್ಕೇ ಸೇರಿದ. ನನ್ನ ದೃಷ್ಟಿಯಲ್ಲಿ ಈ ಪರಂಪರೆಯಲ್ಲಿ ಇಂದಿಗೂ ಉಸಿರಾಡುತ್ತಿರುವುದು ಗುರುವಿನ ಎದುರು ಕುಳಿತು ಬಾಯಿಬಿಟ್ಟು ವಾದಿಸುವ ಆ ಪರೀಕ್ಷೆಯೊಂದೇ, ಉಳಿದದ್ದು ಕಲ್ಲು.

ನಮ್ಮಲ್ಲಿ ಇಲ್ಲ ಎಂಬ ಮಾತೂ ಸರಿಯಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ 945ರ ರಾಷ್ಟ್ರಕೂಟ ಶಾಸನವಿದೆ. ಬೇರೆಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ, ದೀಪದ ಎಣ್ಣೆಗೆ ಭೂಮಿ ಬಿಟ್ಟುಕೊಟ್ಟದ್ದನ್ನು ಅದು ಹೇಳುತ್ತದೆ. ಬೊಲೋನ್ಯಾದ ಹುಡುಗರೂ ಬಡಿದಾಡಿದ್ದು ವಸತಿಗಾಗಿಯೇ, ಇಂದಿಗೂ ಅಲ್ಲಿ ಕೋಣೆ ಸಿಗುವುದು ಪ್ರವೇಶ ಸಿಗುವುದಕ್ಕಿಂತ ಕಷ್ಟ.

ಹೋಗುವುದಾದರೆ ನಿಮ್ಮ ವಿಷಯದ ಅಧ್ಯಾಪಕರನ್ನು ನೋಡಿ ಹೋಗಿ, ಗೋಡೆ ನೋಡಿ ಹೋಗಬೇಡಿ. ಪಾಠ ಇಂಗ್ಲಿಷಿನಲ್ಲಿದೆಯೆಂದು ಇಟಾಲಿಯನ್ ಬಿಡಬೇಡಿ. ಮನೆಯ ಕರಾರು, ಕಚೇರಿಯ ಸಾಲು, ಹಿಂದಿನ ಬೆಂಚಿನ ಪಿಸುಮಾತು ಯಾವುದೂ ಇಂಗ್ಲಿಷಿನಲ್ಲಿರುವುದಿಲ್ಲ. ಮೊದಲ ವರ್ಷದಲ್ಲಿ ಅವರು 18 ಎಂದರೂ ಒಪ್ಪಿ, ಕೈಮುಗಿದು ಎದ್ದು ಬನ್ನಿ.

ಇನ್ನು ಸಂಪ್ರದಾಯ ಕೇಳಿದ್ದೀರಿ. ಊರ ನಡುವೆ 97 ಮೀಟರ್ ಎತ್ತರದ ಅಸಿನೆಲ್ಲಿ ಗೋಪುರವಿದೆ, 498 ಮೆಟ್ಟಿಲು. ಪದವಿಗೆ ಮುಂಚೆ ಹತ್ತಿದ ವಿದ್ಯಾರ್ಥಿಗೆ ಪದವಿಯೇ ಆಗುವುದಿಲ್ಲವೆಂಬ ನಂಬಿಕೆ. ನಾನು ಇಂಥವನ್ನೆಲ್ಲ ನಗುವವನು, ಆದರೂ ಆ ಜುಲೈ ನಂತರ ಅದರ ಬಾಗಿಲ ಹತ್ತಿರವೂ ಸುಳಿಯಲಿಲ್ಲ. 2024ರ ಮಾರ್ಚ್‌ನಲ್ಲಿ ಪದವಿಯಾಯಿತು, ಗೆಳೆಯರು ತಲೆಗೆ ಲಾರೆಲ್ ಎಲೆಯ ಕಿರೀಟ ಇಟ್ಟರು, ಹಾಗೆಯೇ ಗೋಪುರದ ಕಡೆ ನಡೆದೆವು. ಪಕ್ಕದ ಗರಿಸೆಂದಾ ಗೋಪುರ ಅಪಾಯದಲ್ಲಿದೆಯೆಂದು ಹಿಂದಿನ ಅಕ್ಟೋಬರಿನಿಂದಲೇ ಅಸಿನೆಲ್ಲಿಗೂ ಪ್ರವೇಶ ನಿಲ್ಲಿಸಿದ್ದರು. ಬೇಲಿಯ ಹೊರಗೆ ನಿಂತು ಒಂದು ಫೋಟೋ ತೆಗೆಸಿಕೊಂಡು ಬಂದೆ.