ಹೆಸರು ಸೂಚಿಸುತ್ತೇವೆಂದರೆ ಹಿಂಜರಿಯಬೇಡಿ

ನಮಸ್ಕಾರ. ಬೆಂಗಳೂರಿನ ಹೋಟೆಲಿನಲ್ಲಿ ಕೆಲವು ವರ್ಷ ದುಡಿದು, ಇಲ್ಲಿ ಬ್ರಿಟನ್ನಿನಲ್ಲಿ ಎಂ.ಎಸ್ಸಿ. ಮುಗಿಸಿ, ಈಗ ಲಂಡನ್ನಿನ ಹೋಟೆಲೊಂದರ ರೆಸ್ಟೋರೆಂಟಿನಲ್ಲಿ ಸೂಪರ್‌ವೈಸರ್ ಆಗಿರುವ ನಿಮ್ಮ ಹೆಸರನ್ನು ಮ್ಯಾನೇಜರ್ ಏಕಾರ್ನ್ ಪ್ರಶಸ್ತಿಗೆ ಸೂಚಿಸಲಿದ್ದಾರೆಂದು ತಿಳಿದು ಬಹಳ ಸಂತೋಷವಾಯಿತು. ನಿಮ್ಮ ಸಾಧನೆಯನ್ನು ನೀವೇ ಬರೆದುಕೊಡಲು ಸಂಕೋಚ, ಜೊತೆಯವರು ಏನೆಂದುಕೊಳ್ಳುವರೋ ಎಂಬ ಅಳುಕು, ವೀಸಾಗೆ ಇದು ನೆರವಾದೀತೇ ಎಂಬ ಪ್ರಶ್ನೆ, ಇವು ಮೂರನ್ನೂ ನನ್ನ ಮುಂದಿಟ್ಟಿದ್ದೀರಿ. ಇದೇ ಉದ್ಯಮದಲ್ಲಿ ಇಲ್ಲೇ ನೆಲೆಸಿರುವ ನನ್ನ ಸಲಹೆ ಇಷ್ಟು: ಖಂಡಿತವಾಗಿ ಬರೆದುಕೊಡಿ.

ಬ್ರಿಟನ್ನಿನ ಆತಿಥ್ಯ ಉದ್ಯಮದಲ್ಲಿ ಮೂವತ್ತು ವಯಸ್ಸಿನೊಳಗಿನ ಮೂವತ್ತು ಮಂದಿಯನ್ನು ಆರಿಸಿ 'ದಿ ಕೇಟರರ್' ಪತ್ರಿಕೆ 1986ರಿಂದ ನೀಡುತ್ತಿರುವ ಗೌರವವೇ ಈ ಏಕಾರ್ನ್ ಪ್ರಶಸ್ತಿ. ಆಯ್ಕೆ ಮಾಡುವವರು ನೀವು ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರಲ್ಲ. ಅವರ ಕೈಗೆ ಸಿಗುವುದು ಬರಹವೊಂದೇ. ನಮ್ಮಲ್ಲಿ ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳಬಾರದೆಂದು ಕಲಿಸಿರುತ್ತಾರೆ, ಅದು ಒಳ್ಳೆಯ ಸಂಸ್ಕಾರವೇ. ಆದರೆ ನಡೆದದ್ದನ್ನು ನಡೆದಂತೆ ಬರೆಯುವುದು ಹೊಗಳಿಕೆಯಲ್ಲ. 'ಶ್ರಮಜೀವಿ', 'ನಗುಮುಖದ ಸೇವೆ' ಎಂಬಂಥ ಮಾತುಗಳು ಪ್ರತಿ ಅರ್ಜಿಯಲ್ಲೂ ಇರುವುದರಿಂದ ಅವುಗಳಿಗೆ ಬೆಲೆಯಿಲ್ಲ. ಅದರ ಬದಲು, ನೀವು ತರಬೇತಿ ಕೊಟ್ಟ ಎಷ್ಟು ಮಂದಿ ಬಡ್ತಿ ಪಡೆದರು, ಕಾನೂನು ಪಟ್ಟಿ ಮಾಡಿರುವ 14 ಅಲರ್ಜಿಕಾರಕಗಳ ಬಗ್ಗೆ ಹೊಸಬರಿಗೆ ಹೇಗೆ ಕಲಿಸಿದಿರಿ, ಬೆಳಗಿನ ಉಪಾಹಾರದ ಹೊತ್ತಿನ ಸರದಿ ಕರಗಲು ಯಾವ ವ್ಯವಸ್ಥೆ ಬದಲಿಸಿದಿರಿ ಎಂಬುದನ್ನು ಬರೆಯಿರಿ. ಈ ವಿವರಗಳು ಆರು ತಿಂಗಳ ನಂತರ ನೆನಪಿನಲ್ಲಿ ಉಳಿಯುವುದಿಲ್ಲವಾದ್ದರಿಂದ ವಾರಕ್ಕೊಮ್ಮೆ ಟಿಪ್ಪಣಿ ಮಾಡಿಟ್ಟುಕೊಳ್ಳಿ.

ಇದರ ಜೊತೆಗೆ, ಫಲಕ ಕೊಡುವ ಪ್ರಶಸ್ತಿಗಿಂತ ಕಲಿಕೆ ಕೊಡುವ ಪ್ರಶಸ್ತಿಯನ್ನು ನಾನು ಹೆಚ್ಚು ಗೌರವಿಸುತ್ತೇನೆ. ಬಾಣಸಿಗರಿಗಾಗಿ, ತಾವೂ ಹೆಸರಾಂತ ಬಾಣಸಿಗರಾಗಿದ್ದ ಆಲ್ಬರ್ಟ್ ಮತ್ತು ಮಿಶೆಲ್ ರೂ ಸಹೋದರರು ಆರಂಭಿಸಿದ ರೂ ಸ್ಕಾಲರ್‌ಶಿಪ್ ಇಂಥದ್ದು. ಅಂತಿಮ ಸುತ್ತಿನಲ್ಲಿ ಯಾವ ಅಡುಗೆ ಮಾಡಬೇಕೆಂಬುದು ಆ ದಿನವಷ್ಟೇ ತಿಳಿಯುತ್ತದೆ. ಗೆದ್ದವರಿಗೆ ಶ್ರೇಷ್ಠ ರೆಸ್ಟೋರೆಂಟೊಂದರ ಅಡುಗೆಮನೆಯಲ್ಲಿ ದುಡಿದು ಕಲಿಯುವ ಅವಕಾಶ ಸಿಗುತ್ತದೆ. 1984ರಲ್ಲಿ ಅದನ್ನು ಮೊದಲು ಗೆದ್ದ ಸ್ಕಾಟ್ಲೆಂಡಿನ ಆಂಡ್ರ್ಯೂ ಫೇರ್ಲಿಗೆ ಆಗ ಇಪ್ಪತ್ತೇ ವರ್ಷ. ಫ್ರಾನ್ಸಿನಲ್ಲಿ ಹೆಸರಾಂತ ಬಾಣಸಿಗ ಮಿಶೆಲ್ ಗೆರಾರ್ ಅವರ ಬಳಿ ಕಲಿತು ಬಂದ ಆ ಹುಡುಗ, ಮುಂದೆ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್ ಹೋಟೆಲಿನಲ್ಲಿ ತಮ್ಮ ಹೆಸರಿನ ರೆಸ್ಟೋರೆಂಟ್ ತೆರೆದು ಶ್ರೇಷ್ಠ ರೆಸ್ಟೋರೆಂಟುಗಳಿಗೆ ಮಿಶೆಲಿನ್ ಗೈಡ್ ಕೊಡುವ ತಾರೆಗಳಲ್ಲಿ ಎರಡನ್ನು ಪಡೆದರು. ಅವರನ್ನು ಬೆಳೆಸಿದ್ದು ಬಹುಮಾನದ ಜೊತೆ ಬಂದ ಆ ಕಲಿಕೆಯೆಂದೇ ನನ್ನ ನಂಬಿಕೆ. ನಿಮ್ಮಂತೆ ಮೇಜಿನ ಬಳಿ ಸೇವೆ ಮಾಡುವವರಿಗೆ ಗೋಲ್ಡ್ ಸರ್ವಿಸ್ ಸ್ಕಾಲರ್‌ಶಿಪ್ ಇದೆ. ಬ್ರಿಟನ್ನಿನ ಬಾಣಸಿಗರ, ಆತಿಥ್ಯ ವೃತ್ತಿಪರರ ಸಂಸ್ಥೆಯಾದ ರಾಯಲ್ ಅಕಾಡೆಮಿ ಆಫ್ ಕಲಿನರಿ ಆರ್ಟ್ಸ್ ನೀಡುವ ವಾರ್ಷಿಕ ಶ್ರೇಷ್ಠತಾ ಪ್ರಶಸ್ತಿಯಂತೂ ಸ್ಪರ್ಧೆಯೇ ಅಲ್ಲ. ನಿಗದಿತ ಮಟ್ಟ ಮುಟ್ಟಿದ ಎಲ್ಲರಿಗೂ ಅದು ದೊರೆಯುತ್ತದೆ. ಜೊತೆಯವರ ಅಸಮಾಧಾನದ ಅಳುಕಿದ್ದರೆ ಅವರನ್ನೂ ಕರೆದುಕೊಂಡು ಒಟ್ಟಿಗೆ ಇದಕ್ಕೆ ತಯಾರಾಗಿ.

ವೀಸಾದ ವಿಷಯದಲ್ಲಿ ಮಾತ್ರ ನಿಮಗೆ ಹುಸಿ ಭರವಸೆ ಕೊಡಲಾರೆ. 2025ರ ಜುಲೈ 22ರಿಂದ, ಉದ್ಯೋಗದಾತರ ಪ್ರಾಯೋಜಕತ್ವದಲ್ಲಿ ಸಿಗುವ ಸ್ಕಿಲ್ಡ್ ವರ್ಕರ್ ವೀಸಾ ಬಹುಮಟ್ಟಿಗೆ ಪದವಿ ಮಟ್ಟದ ಹುದ್ದೆಗಳಿಗೆ ಸೀಮಿತವಾಗಿದ್ದು, ಸಾಮಾನ್ಯ ವೇತನಮಿತಿ ವರ್ಷಕ್ಕೆ 41,700 ಪೌಂಡಿಗೆ ಏರಿದೆ. ಹೊಸದಾಗಿ ಅರ್ಜಿ ಹಾಕುವ ಬಾಣಸಿಗರಿಗೂ ರೆಸ್ಟೋರೆಂಟ್ ಮ್ಯಾನೇಜರುಗಳಿಗೂ ಆ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಇಂಥ ಪ್ರಶಸ್ತಿಯೊಂದರಿಂದ ಈ ನಿಯಮ ಸಡಿಲವಾಗುವುದಿಲ್ಲ. ಆದ್ದರಿಂದ ಓದು ಮುಗಿಸಿದವರಿಗೆ ಸಿಗುವ ನಿಮ್ಮ ಗ್ರ್ಯಾಜುಯೇಟ್ ವೀಸಾ ಮುಗಿಯುವ ಬಹು ಮೊದಲೇ, ಸಂಸ್ಥೆಯೊಳಗೆ ಅರ್ಹತೆಗೆ ಒಳಪಡುವ ಬೇರೆ ಹುದ್ದೆ ಇದೆಯೇ ಎಂದು ಮಾನವ ಸಂಪನ್ಮೂಲ ವಿಭಾಗವನ್ನು ಲಿಖಿತವಾಗಿ ಕೇಳಿ. ದೊಡ್ಡ ಹೋಟೆಲು ಸಮೂಹಗಳು ದುಬೈ, ಸಿಂಗಪುರ, ಬೆಂಗಳೂರುಗಳಲ್ಲೂ ಇವೆ. ಅಲ್ಲಿಗೆ ವರ್ಗಾವಣೆ ಕೇಳುವಾಗ ಏಕಾರ್ನ್‌ನಂಥ ಮನ್ನಣೆ ನಿಮ್ಮ ಪರವಾಗಿ ಗಟ್ಟಿಯಾಗಿ ಮಾತನಾಡುತ್ತದೆ.

ಬರೆದುದರ ಕರಡನ್ನು ಮ್ಯಾನೇಜರಿಗೆ ಕೊಡುವ ಮೊದಲು ನನಗೆ ಕಳುಹಿಸಿ, ಓದಿ ತಿದ್ದಿಕೊಡುತ್ತೇನೆ.