ಕೂಡಬಾರದ ರೇಖೆಗಳು ಮೂರು ಪರಮಾಣು ಬಂದರೆ ಕೂಡುವುದು ಹೇಗೆ?

ಪ್ರಶ್ನೆ: ನಾನು ಎಂಎಸ್ಸಿ ರಸಾಯನಶಾಸ್ತ್ರ ಓದುತ್ತಿದ್ದೇನೆ. ಒಂದೇ ಸಿಮೆಟ್ರಿಯ ಎರಡು ಎಲೆಕ್ಟ್ರಾನ್ ಸ್ಥಿತಿಗಳ ಶಕ್ತಿರೇಖೆಗಳು ಒಂದನ್ನೊಂದು ದಾಟುವುದಿಲ್ಲ ಅಂತ ಪಾಠದಲ್ಲಿ ಹೇಳಿದರು. ಆಮೇಲೆ ಕೋನಿಕಲ್ ಇಂಟರ್‌ಸೆಕ್ಷನ್ ಬಂತು. ಅಲ್ಲಿ ಎರಡೂ ಮುಟ್ಟುತ್ತವಂತೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಮೊದಲನೆಯದು ಎರಡೇ ಪರಮಾಣು ಇರುವ ಅಣುವಿಗೆ ಹೇಳಿದ ಮಾತು.

ಒಂದು ಹಾಳೆ ತೆಗೆದುಕೊಳ್ಳಿ. ಎರಡು ಸ್ಥಿತಿಗಳ ಶಕ್ತಿಯನ್ನು ಅ, ಬ ಅಂತ ಬರೆಯಿರಿ. ಅವೆರಡನ್ನೂ ಬೆರೆಸುವ ಪದ ಕ. ಲೆಕ್ಕ ಮುಗಿದ ಮೇಲೆ ಸಿಗುವ ಎರಡು ಮಟ್ಟಗಳ ನಡುವಿನ ಅಂತರದ ವರ್ಗ (ಅ − ಬ)² + 4ಕ². ಇಲ್ಲಿ ಕೂಡುತ್ತಿರುವುದು ಎರಡು ವರ್ಗಗಳನ್ನು. ಒಂದು ಇನ್ನೊಂದನ್ನು ಕಳೆದುಹಾಕಲಾರದು. ಅಂತರ ಸೊನ್ನೆ ಆಗಬೇಕಾದರೆ ಅ ಮತ್ತು ಬ ಸಮ ಆಗಬೇಕು, ಅದೇ ಹೊತ್ತಿಗೆ ಕ ಕೂಡ ಸೊನ್ನೆ ಆಗಬೇಕು. ಎರಡು ಪರಮಾಣುಗಳ ಅಣುವಿನಲ್ಲಿ ನಾವು ಬದಲಾಯಿಸಬಹುದಾದ್ದು ಬಂಧದ ಉದ್ದ ಒಂದೇ. ಒಂದೇ ತಿರುಪಿನಿಂದ ಎರಡು ಷರತ್ತು ಹೊಂದಿಸೋಕೆ ಆಗಲ್ಲ, ಅಲ್ವಾ? ಸಿಮೆಟ್ರಿ ಬೇರೆ ಬೇರೆ ಆಗಿದ್ದರೆ ಕ ತಾನಾಗಿಯೇ ಸೊನ್ನೆ. ಆಗ ರೇಖೆಗಳು ಆರಾಮಾಗಿ ದಾಟುತ್ತವೆ. ಫಾನ್ ನಾಯ್ಮನ್ ಮತ್ತು ವಿಗ್ನರ್ 1929ರಲ್ಲೇ ಇದನ್ನು ತೋರಿಸಿದ್ದರು.

ಮೂರು ಪರಮಾಣು ಬಂದರೆ ತಿರುಪುಗಳೂ ಮೂರು, ಅಂದರೆ ಪರಮಾಣುಗಳ ನಡುವಿನ ಮೂರು ದೂರಗಳು. ಅದರಲ್ಲಿ ಎರಡು ಷರತ್ತುಗಳಿಗೆ ಖರ್ಚಾಗುತ್ತವೆ. ಆ ಎರಡರ ಮೇಲೆ ಶಕ್ತಿಯ ಚಿತ್ರ ಬರೆದರೆ ಬುಡುಬುಡಿಕೆಯ ಆಕಾರ ಬರುತ್ತದೆ: ಕೆಳಗೊಂದು ಶಂಕು, ಮೇಲೊಂದು ಶಂಕು, ನಡುವೆ ಒಂದೇ ಬಿಂದು. ಶಂಕುಗಳು ಹೀಗೆ ಮುಟ್ಟುವುದಕ್ಕೇ ಕೋನಿಕಲ್ ಇಂಟರ್‌ಸೆಕ್ಷನ್ ಅಂತ ಹೆಸರು. ಪುಸ್ತಕದಲ್ಲಿ ಈ ಚಿತ್ರ ನೋಡಿ ತುಂಬಾ ಜನ ಮುಟ್ಟುವ ಜಾಗ ಅದೊಂದೇ ಅಂದುಕೊಳ್ಳುತ್ತಾರೆ. ಹಾಗಲ್ಲ. ಮೂರನೇ ತಿರುಪು ಇನ್ನೂ ಖಾಲಿ ಇದೆ. ಅದನ್ನು ತಿರುಗಿಸುತ್ತಾ ಹೋದರೂ ಎರಡು ಮಟ್ಟಗಳು ಅಂಟಿಕೊಂಡೇ ಇರುತ್ತವೆ, ಎರಡು ಬಟ್ಟೆ ಸೇರಿಸಿದ ಹೊಲಿಗೆಯ ಹಾಗೆ. ಮೂರು ಹೈಡ್ರೋಜನ್ ಪರಮಾಣುಗಳನ್ನು ಸಮಬಾಹು ತ್ರಿಕೋನದಲ್ಲಿ ಇಡಿ. ತ್ರಿಕೋನ ಚಿಕ್ಕದಿರಲಿ, ದೊಡ್ಡದಿರಲಿ, ಕೆಳಗಿನ ಎರಡು ಸ್ಥಿತಿಗಳು ಅಲ್ಲಿ ಮುಟ್ಟುತ್ತವೆ. ಒಂದು ಬಾಹುವನ್ನು ಚೂರು ಎಳೆದರೆ ಸಾಕು, ಬೇರೆಯಾಗುತ್ತವೆ.

ಇದು ಬರೀ ಗಣಿತ ಅಲ್ಲ. ಡಿಎನ್‌ಎಯಲ್ಲಿರುವ ಅಡೆನಿನ್ ನೋಡಿ: 15 ಪರಮಾಣು, 39 ತಿರುಪು. ಅತಿನೇರಳೆ ಬೆಳಕು ಬಿದ್ದು ಮೇಲಿನ ಸ್ಥಿತಿಗೆ ಹೋದ ಅಣುವಿನ ಉಂಗುರ ಸೊಟ್ಟಗಾಗುತ್ತದೆ, ಹೊಲಿಗೆಯ ಹತ್ತಿರ ಬರುತ್ತದೆ, ಲಾಳಿಕೆಯಲ್ಲಿ ಎಣ್ಣೆ ಇಳಿದ ಹಾಗೆ ಕೆಳಗಿನ ಸ್ಥಿತಿಗೆ ಜಾರಿಬಿಡುತ್ತದೆ. ಇದಕ್ಕೆಲ್ಲ ಹಿಡಿಯುವುದು ಹೆಚ್ಚುಕಮ್ಮಿ ಒಂದು ಪಿಕೊಸೆಕೆಂಡು, ಅಂದರೆ ಸೆಕೆಂಡಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು. ಬೆಳಕಿನ ಶಕ್ತಿ ಅಣುವಿನ ಅಲುಗಾಟವಾಗಿ, ಶಾಖವಾಗಿ ಹರಿದುಹೋಗುತ್ತದೆ. ಬಂಧ ಮುರಿಯುವ ಅನಾಹುತಕ್ಕೆ ಸಮಯವೇ ಜಾಸ್ತಿ ಸಿಗುವುದಿಲ್ಲ. ನಮ್ಮ ಜೀವಕೋಶಗಳಿಗೆ ಇದು ಎಷ್ಟು ದೊಡ್ಡ ರಕ್ಷಣೆ!

ಇನ್ನೊಂದು ವಿಷಯ ಹೇಳದೆ ಬಿಡಲಾರೆ. ಬುಡುಬುಡಿಕೆಯ ನಡುವನ್ನು ಮುಟ್ಟದೆ ಅದರ ಸುತ್ತ ಒಂದು ಸುತ್ತು ಬನ್ನಿ. ತಿರುಗಿದ ಕೋನ θ ಆದರೆ ಎಲೆಕ್ಟ್ರಾನ್ ತರಂಗದ ಎರಡು ಭಾಗಗಳು cos(θ/2), sin(θ/2) ಅಂತ ಬರುತ್ತವೆ. ಆ ಅರ್ಧವನ್ನು ಗಮನಿಸಿ. θ 360 ಡಿಗ್ರಿ ಆದಾಗ cos 180 ಅಂದರೆ −1. ಹೊರಟ ಜಾಗಕ್ಕೇ ಬಂದಿರಿ, ಆದರೆ ತರಂಗದ ಚಿಹ್ನೆ ತಿರುಗಿದೆ! ಲಾಂಗೆಟ್-ಹಿಗಿನ್ಸ್ ಮತ್ತು ಸಂಗಡಿಗರು 1958ರಲ್ಲಿ ಇದನ್ನು ಬರೆದರು. ಅದಕ್ಕೂ ಎರಡು ವರ್ಷ ಮುಂಚೆ, 1956ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ಧ್ರುವೀಕರಿಸಿದ ಬೆಳಕಿನಲ್ಲಿ ಇದೇ ಬಗೆಯ ಬದಲಾವಣೆ ಕಂಡಿದ್ದರು. ಮೈಕಲ್ ಬೆರ್ರಿ 1984ರಲ್ಲಿ ಇದಕ್ಕೆಲ್ಲ ಒಂದೇ ಚೌಕಟ್ಟು ಕೊಟ್ಟರು.

ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವಾಗ ನಿಮಗೂ ಇದು ಉಪಯೋಗಕ್ಕೆ ಬರುತ್ತದೆ. ಅಣುವಿನ ಆಕಾರವನ್ನು ಹೆಜ್ಜೆ ಹೆಜ್ಜೆಯಾಗಿ ಬದಲಿಸುತ್ತಾ ಒಂದು ಸುತ್ತು ಹಾಕಿಸಿ. ಪ್ರತಿ ಹೆಜ್ಜೆಯಲ್ಲೂ ತರಂಗವನ್ನು ಹಿಂದಿನದರ ಜೊತೆ ಹೋಲಿಸಿ. ಕೊನೆಯಲ್ಲಿ ಚಿಹ್ನೆ ತಿರುಗಿದ್ದರೆ, ಆ ಸುತ್ತಿನೊಳಗೆ ಮಟ್ಟಗಳು ಮುಟ್ಟುವ ಜಾಗ ಇದೆ ಅಂತಲೇ ಅರ್ಥ.